ಈ ವರ್ಷ ಮೊದಲು ವರ್ಲಿನ್

ಮದುವೆಯಾದಾಗಿನಿಂದ ಪ್ರತಿ ಭಾನುವಾರ ವರ್ಲಿನ್ ತನ್ನ ಹೆಂಡತಿ ಓನೀಟಾಳನ್ನು ಸ್ಲೇಟ್ ಬ್ರಾಂಚ್ ಕಣಿವೆಯ ಚರ್ಚಿಗೆ ಪಿಕಪ್‌ನಲ್ಲಿ ತಂದು ಬಿಡುತ್ತಿದ್ದ. ತಾನು ಮಾತ್ರ ಜಪ್ಪಯ್ಯ ಅಂದರೂ ಒಳಗೆ ಕಾಲಿಡುತ್ತಿರಲಿಲ್ಲ. ಜಲ್ಲಿ ಹಾಕಿದ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಹೀಟರ್ ಹಚ್ಚಿಕೊಂಡು, ರೇಡಿಯೋ ಕೇಳುತ್ತಾ ಆರಾಧನೆ ಮುಗಿಯುವ ತನಕ ಕೂತಿರುತ್ತಿದ್ದ. ಕುಡುಕನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಕಲ್ಲಿದ್ದಲ ಗಣಿಯಲ್ಲಿ ಯಂತ್ರ ರಿಪೇರಿ ಮಾಡಿ ಮರ್ಯಾದೆಯಿಂದ ಮನೆ ನಡೆಸಿದವನು. ಯಾಕಪ್ಪಾ ಒಳಗೆ ಬರಲ್ಲ ಅಂತ ಯಾರಾದರೂ ಕೇಳಿದರೆ, ಅವರೆಲ್ಲ ಅಷ್ಟು ಜೋರಾಗಿ ಕಿರುಚ್ತಾರಲ್ಲ, ದೇವರಿಗೇನು ಕಿವಿ ಕೇಳಿಸಲ್ವಾ ಅನ್ನುತ್ತಿದ್ದ. ಅಂಥವನ ಜೊತೆ ಜಗಳವಾಡುವುದಾದರೂ ಹೇಗೆ?

ಜಗಳವಾಡದೆ ನುಂಗಿಕೊಂಡದ್ದು ಓನೀಟಾಳ ಹೊಟ್ಟೆಯಲ್ಲೇ ಉಳಿಯಿತು. ಸಭೆಯ ಹೆಂಗಸರಲ್ಲಿ ಮುಂದಾಳು ಅರ್ಲೀನ್ ಅಂತ ಒಬ್ಬಳಿದ್ದಳು. ಪ್ರಾರ್ಥನೆಗೂ ಮುಂದು, ಪರರ ಮನೆ ವಿಚಾರಕ್ಕೂ ಮುಂದು. ಚಳಿಗಾಲದಲ್ಲಿ ಬಾಗಿಲಲ್ಲಿ ಕೋಟು ಕೊಡವುತ್ತಾ, ನಿನ್ನ ಯಜಮಾನರು ಇವತ್ತೂ ಗಾಡಿಯಲ್ಲೇ ಆರಾಧನೆ ಮಾಡ್ತಿದಾರಾ ಅಂತ ನಗುತ್ತಾ ಕೇಳುತ್ತಿದ್ದಳು. ಓನೀಟಾ ನಕ್ಕ ಹಾಗೆ ಮಾಡಿ ಬೆಂಚಿಗೆ ಹೋಗಿ ಕೂರುತ್ತಿದ್ದಳು. ಅವಳ ಪಕ್ಕದ ಜಾಗ ಯಾವಾಗಲೂ ಖಾಲಿ. ಅವಳಿಗೆ ಇದ್ದದ್ದು ಒಂದೇ ಹೆದರಿಕೆ: ತಾನು ಸತ್ತು ಸ್ವರ್ಗಕ್ಕೆ ಹೋದರೆ ಅಲ್ಲೂ ಪಕ್ಕದ ಜಾಗ ಹೀಗೇ ಖಾಲಿ ಇರುತ್ತದಲ್ಲ ಎಂದು. ಈ ಹೆದರಿಕೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ವರ್ಲಿನ್‌ಗೆ ಹೇಳಿದ್ದರೆ ಅವನು ಹಾಸ್ಯ ಮಾಡಿಬಿಡುತ್ತಿದ್ದ.

ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ವರ್ಷದ ಮೊದಲ ಭಾನುವಾರ ಪಾಸ್ಟರ್ ಹೋಬರ್ಟ್ ಪ್ರಸಂಗ ಮಾಡುವುದಿಲ್ಲ. ಬೆಂಚು ಬೆಂಚಿಗೂ ಬಂದು ಒಬ್ಬೊಬ್ಬರನ್ನೇ ಕೇಳುತ್ತಾರೆ: ಈ ವರ್ಷ ನಿಮಗೆ ಮೊದಲನೇದು ಯಾವುದು? ಎದ್ದು ನಿಂತು, ಎಲ್ಲರ ಕಿವಿಗೂ ಬೀಳುವ ಹಾಗೆ ಹೇಳಬೇಕು. ಒಬ್ಬ ಬೆಳಗಿನ ಪ್ರಾರ್ಥನೆ ಅನ್ನುತ್ತಾನೆ, ಇನ್ನೊಬ್ಬ ಹೊಗೆಸೊಪ್ಪು ಬಿಡುತ್ತೇನೆ ಅನ್ನುತ್ತಾನೆ, ಮತ್ತೊಬ್ಬಳು ಮಾತು ಬಿಟ್ಟ ತಂಗಿಯ ಮನೆಗೆ ಹೋಗುತ್ತೇನೆ ಅನ್ನುತ್ತಾಳೆ. ಒಮ್ಮೆ ಬಾಯಿ ಬಿಟ್ಟು ಹೇಳಿದಿರೋ ಮುಗಿಯಿತು, ಅಂಗಡಿಯಲ್ಲಿ ಸಿಕ್ಕರೂ ಪೆಟ್ರೋಲ್ ಬಂಕಿನಲ್ಲಿ ಸಿಕ್ಕರೂ ಅದೇನಾಯ್ತು ಅಂತ ಕೇಳುವವರೇ. ಅದಾದ ಮೇಲೆ ಒಂದು ವಾರ ಇಡೀ ಸಭೆಗೆ ಉಪವಾಸ, ಹೊತ್ತು ಮುಳುಗುವ ತನಕ ಬರೀ ನೀರು. ಮುಂದಿನ ಭಾನುವಾರ ಆರಾಧನೆ ಮುಗಿಸಿ, ಚರ್ಚಿನ ನೆಲಮಾಳಿಗೆಯಲ್ಲಿ ಹಂದಿಮಾಂಸ ಹಾಕಿ ಬೇಯಿಸಿದ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಒಟ್ಟಿಗೆ ತಿಂದು ಉಪವಾಸ ಮುರಿಯುತ್ತಾರೆ. ಪ್ರತಿ ವರ್ಷವೂ ಪಾಸ್ಟರ್ ಒಂದು ಮಾತು ತಪ್ಪದೆ ಹೇಳುತ್ತಿದ್ದರು: ಬಸುರಿಯರು, ಶುಗರ್ ಇರುವವರು ಊಟ ಬಿಡಬೇಡಿ, ಟಿವಿ ಬಿಡಿ, ಕಾಫಿ ಬಿಡಿ. ಅವರ ತಂದೆಗೆ ಶುಗರ್ ಇತ್ತು, ಅದರಿಂದಲೇ ಹೋದವರು.

ಆ ವರ್ಷ ಪಾಸ್ಟರ್ ತನ್ನ ಬೆಂಚಿನ ಹತ್ತಿರ ಬಂದಾಗ ಓನೀಟಾ ಎದ್ದು ನಿಂತು, ನನ್ನ ಗಂಡನ ಆತ್ಮ ಅಂದುಬಿಟ್ಟಳು. ಹೇಳಬೇಕು ಅಂತ ಮನೆಯಿಂದ ಯೋಚಿಸಿಕೊಂಡು ಬಂದದ್ದು ಬೈಬಲ್ ಓದುವ ವಿಷಯ. ಬಾಯಿಗೆ ಬಂದದ್ದು ಇದು. ಚರ್ಚಿಗೆ ಚರ್ಚೇ ಆಮೆನ್ ಅಂದಿತು. ಅರ್ಲೀನ್ ಬಂದು ತಬ್ಬಿಕೊಂಡು ಅತ್ತಳು, ನಿಜವಾಗಿಯೇ ಅತ್ತಳು. ಹೊರಗೆ ಗಾಡಿಯಲ್ಲಿ ವರ್ಲಿನ್ ಫುಟ್‌ಬಾಲ್ ಕಾಮೆಂಟ್ರಿ ಕೇಳುತ್ತಾ ಕೂತಿದ್ದ.

ದಾರಿಯಲ್ಲಿ ಅವಳೇ ಹೇಳಿದಳು. ಅವನು ರೇಡಿಯೋ ಆರಿಸಿದ.

"ನನ್ನ ಆತ್ಮಕ್ಕೆ ಮೊದಲ ಸ್ಥಾನ. ಒಳ್ಳೇದೇ. ನನ್ನ ಹೊಟ್ಟೆಗೆ ಎಷ್ಟನೇದೋ?" ಅಂದ.

"ತಮಾಷೆ ಬೇಡ ವರ್ಲಿನ್. ಎಲ್ಲರ ಮುಂದೆ ಹೇಳಿದೀನಿ."

"ಅದೇ ನೋಡು ತೊಂದ್ರೆ. ನಂಗೆ ಹೇಳೋಕ್ಕಿಂತ ಮೊದಲು ಎಲ್ರಿಗೂ ಹೇಳಿದೀಯ."

ಆ ಮಾತು ಅವಳಿಗೆ ನಾಟಿತು. ನಾಟಿದ್ದಕ್ಕೇ ಹಠ ಇನ್ನೂ ಬಲಿಯಿತು. ಉಳಿದವರು ಹೊತ್ತು ಮುಳುಗಿದ ಮೇಲೆ ಉಂಡರೆ, ಇವಳು ಉಣ್ಣಲೇ ಇಲ್ಲ. ನೀನು ಒಳಗೆ ಬರ್ತೀನಿ ಅನ್ನೋ ತನಕ ನಾನು ಬಾಯಿಗೆ ಏನೂ ಹಾಕಲ್ಲ ಅಂತ ಖಂಡತುಂಡವಾಗಿ ಹೇಳಿಬಿಟ್ಟಳು. ಪಾಪ, ವರ್ಲಿನ್‌ಗೆ ಅಡುಗೆ ಬರುತ್ತಿರಲಿಲ್ಲ. ಆದರೂ ಸಂಜೆ ಸಂಜೆ ಮೊಟ್ಟೆ ಹುರಿದು, ಒಲೆಯ ಮೇಲೆಲ್ಲ ಎಣ್ಣೆ ಸಿಡಿಸಿ, ತಟ್ಟೆ ತಂದು ಅವಳ ಮುಂದೆ ಇಡುತ್ತಿದ್ದ. ಅವಳು ಮುಟ್ಟುತ್ತಿರಲಿಲ್ಲ. ಅವನು ಶುಗರ್ ಇದ್ದವನು, ಹೊತ್ತು ಹೊತ್ತಿಗೆ ತಿನ್ನದೆ ಗತಿಯಿಲ್ಲ. ಅವಳ ಕಣ್ಣ ಮುಂದೆ ತಿನ್ನಲಾರದೆ, ಬೆನ್ನು ತಿರುಗಿಸಿ ಕೂತು ತಿನ್ನುತ್ತಿದ್ದ. ವಾರದ ಕೊನೆಗೆ ಪಾತ್ರೆ ತೊಳೆಯುತ್ತಾ ನಿಂತವಳಿಗೆ ಕಣ್ಣು ಕತ್ತಲೆ ಬಂದು, ಸಿಂಕಿನ ಅಂಚು ಹಿಡಿದುಕೊಂಡು ಹಾಗೇ ಕುಸಿದಳು. ಅವನು ಓಡಿ ಬಂದು ಹಿಡಿದುಕೊಂಡ.

"ಸಾಕು ಮಾಡು ಮಾರಾಯ್ತಿ. ಬರ್ತೀನಿ. ಭಾನುವಾರ ಒಳಗೆ ಬರ್ತೀನಿ."

ಆ ಸಂಜೆ ಅವಳು ಸೂಪು ಕುಡಿದಳು. ಅವನು ಎದುರಿಗೆ ಕೂತು ಅವಳು ಚಮಚ ಎತ್ತುವುದನ್ನೇ ನೋಡಿದ. ಆಮೇಲೆ ಇನ್ನೊಂದು ಮಾತು ಸೇರಿಸಿದ: ಬರೋದಾದ್ರೆ ಅರ್ಧಂಬರ್ಧ ಬರಲ್ಲ, ನೀವೆಲ್ಲ ಖಾಲಿ ಹೊಟ್ಟೇಲಿ ಹೋಗ್ತೀರಾ, ನಾನೂ ಹಾಗೇ ಬರ್ತೀನಿ, ಮುಗಿದ ಮೇಲೆ ಕೆಳಗೆ ನಿನ್ನ ಪಕ್ಕ ಕೂತು ಬೀನ್ಸ್ ತಿಂತೀನಿ. ಪಾಸ್ಟರ್ ಪ್ರತಿ ವರ್ಷ ಹೇಳುವ ಮಾತು ಓನೀಟಾಳ ನಾಲಿಗೆ ತುದಿಗೆ ಬಂತು. ಆದರೆ ಅವನ ಬಾಯಿಂದ ಇಂಥ ಮಾತು ಕೇಳಲು ಅವಳು ಇಡೀ ಜೀವನ ಕಾದಿದ್ದಳು. ಬೇಡ ಅನ್ನಲು ಮನಸ್ಸು ಬರಲಿಲ್ಲ. ಒಂದು ಹೊತ್ತು ತಾನೇ ಅಂತ ಸುಮ್ಮನಾದಳು.

ಭಾನುವಾರ ಬೆಳಿಗ್ಗೆ ಹಿಮ ಬಿದ್ದು ನಿಂತಿತ್ತು. ಓನೀಟಾ ಎದ್ದು, ದಿನವೂ ಮಾಡುವ ಹಾಗೆ ಫ್ರಿಜ್ಜಿನಿಂದ ಇನ್ಸುಲಿನ್ ಸೀಸೆ ತೆಗೆದು, ಸೂಜಿಗೆ ಔಷಧಿ ಎಳೆದು ಮೇಜಿನ ಮೇಲೆ ಅವನ ಜಾಗದಲ್ಲಿ ಇಟ್ಟಳು. ಸೂಜಿಯ ಮೇಲಿನ ಸಣ್ಣ ಗೆರೆಗಳು ವರ್ಲಿನ್‌ಗೆ ಕಾಣುತ್ತಿರಲಿಲ್ಲ, ಅದಕ್ಕೇ ಅದು ಅವಳ ಕೆಲಸವಾಗಿತ್ತು. ಅವನು ಬಂದು ಅಂಗಿ ಎತ್ತಿ ಚುಚ್ಚಿಕೊಂಡ. ಪಕ್ಕದಲ್ಲಿ ತಟ್ಟೆ ಇರಲಿಲ್ಲ. ಇಬ್ಬರ ಕಣ್ಣಿಗೂ ಅದು ಬೀಳಲಿಲ್ಲ; ಒಬ್ಬನಿಗೆ ಟೈ ಕಟ್ಟಿಕೊಳ್ಳುವ ಗಡಿಬಿಡಿ, ಇನ್ನೊಬ್ಬಳಿಗೆ ಅವನು ಟೈ ಕಟ್ಟಿಕೊಳ್ಳುವುದನ್ನು ನೋಡುವ ಸಂಭ್ರಮ.

ಗಾಡಿ ಹಳ್ಳದ ಸೇತುವೆ ದಾಟುವಾಗ ಅವಳಿಗೆ ತಟ್ಟನೆ ಹೊಳೆಯಿತು. ಔಷಧಿ ಒಳಗೆ ಹೋಗಿದೆ, ಊಟ ಹೋಗಿಲ್ಲ. ವಾಪಸು ಹೋಗೋಣ ಅನ್ನಬೇಕಿತ್ತು. ಕೈಚೀಲ ತಡಕಿ ನೋಡಿದಳು, ಪೆಪ್ಪರ್‌ಮೆಂಟು ಇದ್ದವು. ಅವನಿಗೆ ಶುಗರ್ ಇಳಿದಾಗಲೆಲ್ಲ ಅವನು ಮಾತಾಡದೆ ಅಂಗೈ ಚಾಚುತ್ತಿದ್ದ, ಅವಳು ಒಂದು ಬಿಡಿಸಿ ಇಡುತ್ತಿದ್ದಳು. ಬೇಕಾದರೆ ಕೊಟ್ಟರಾಯಿತು ಅಂದುಕೊಂಡಳು.

"ಒಂದು ಮಾತು ಈಗಲೇ ಹೇಳ್ಬಿಡ್ತೀನಿ," ಅಂದ ವರ್ಲಿನ್. "ನಿನಗೋಸ್ಕರ ಬರ್ತಿದೀನಿ. ನಿಮ್ಮ ದೇವರ ವಿಷಯ ನಂಗೆ ಗೊತ್ತಿಲ್ಲ. ಒಳಗೆ ಹೋದ್ಮೇಲೆ ನೋಡೋಣ."

"ನೀನು ಒಳಗೆ ಬಾ. ಮಿಕ್ಕಿದ್ದು ಆತ ನೋಡ್ಕೊಳ್ತಾನೆ."

ವರ್ಲಿನ್ ಬಾಗಿಲು ದಾಟಿದ್ದೇ ತಡ, ಚರ್ಚಿನಲ್ಲಿ ಗುಸುಗುಸು ಎದ್ದಿತು. ಗಂಡಸರು ಬಂದು ಕೈ ಕುಲುಕಿದರು. ಅರ್ಲೀನ್, ಗಾಡಿಯ ಹೀಟರ್ ಕೆಟ್ಟೋಯ್ತಾ ಬ್ರದರ್ ಅಂದಳು. ಅವನು, ಹೀಟರ್ ಸರಿಯಾಗಿದೆ, ಹೆಂಡ್ತಿ ಕೆಟ್ಟಿದಾಳೆ ಅಂದ. ಎಲ್ಲರೂ ನಕ್ಕರು. ಓನೀಟಾ ತನ್ನ ಬೆಂಚಿನಲ್ಲಿ ಅವನ ತೋಳಿಗೆ ತೋಳು ತಾಗಿಸಿ ಕೂತಳು. ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಹಾಡು ಏರುತ್ತಾ ಹೋಯಿತು. ಜನ ಎದ್ದು ಚಪ್ಪಾಳೆ ತಟ್ಟತೊಡಗಿದರು. ಓನೀಟಾ ಪಕ್ಕಕ್ಕೆ ನೋಡಿದರೆ ವರ್ಲಿನ್ ಪ್ಯಾಂಟಿನ ಮಂಡಿಯ ಬಟ್ಟೆಯನ್ನು ಹೆಬ್ಬೆರಳಿನಿಂದ ಕೆರೆಯುತ್ತಿದ್ದ. ಮೇಲ್ತುಟಿಯ ಮೇಲೆ ಬೆವರು. ಜನವರಿ ಚಳಿಯಲ್ಲಿ ಬೆವರು. ಶುಗರ್ ಇಳಿಯುವ ಆ ಗುರುತು ಅವಳಿಗೆ ತನ್ನ ಅಂಗೈಯಷ್ಟೇ ಚೆನ್ನಾಗಿ ಗೊತ್ತಿತ್ತು. ಕೈ ಕೈಚೀಲಕ್ಕೆ ಹೋಯಿತು. ಅಷ್ಟರಲ್ಲಿ ಪಾಸ್ಟರ್, ಯಾರ ಹೃದಯ ಮಿಡೀತಿದೆಯೋ ಮುಂದೆ ಬನ್ನಿ ಅಂತ ಕರೆದರು; ವರ್ಲಿನ್ ಎದ್ದು ನಿಂತ.

ಅವನು ಪೀಠದ ಕಡೆ ಹೊರಟಿದ್ದನೋ ಬಾಗಿಲ ಕಡೆ ಹೊರಟಿದ್ದನೋ ಓನೀಟಾಳಿಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಶುಗರ್ ಇಳಿದಾಗ ಕುಡಿಯಲೆಂದು ಗಾಡಿಯಲ್ಲಿ ಕಿತ್ತಳೆ ರಸದ ಡಬ್ಬಿ ಯಾವಾಗಲೂ ಇರುತ್ತಿತ್ತು. ಬೆಂಚಿನಿಂದ ಆಚೆ ಬಂದು ಅವನು ಓಲಾಡುತ್ತಾ ನಿಂತ. ಅರ್ಲೀನಳ ಗಂಡ ತೋಳು ಹಿಡಿದು, ಬನ್ನಿ ಬ್ರದರ್, ಈ ಕಡೆ ಅಂತ ಮುಂದೆ ನಡೆಸಿಕೊಂಡು ಹೋದ. ಇಡೀ ಸಭೆ ಸ್ತೋತ್ರ ಸ್ತೋತ್ರ ಅಂತ ಎದ್ದಿತು. ಪೀಠದ ಮುಂದೆ ಅವನು ಮಂಡಿಯೂರಿದ, ಮೈ ಗಡಗಡ ನಡುಗುತ್ತಿತ್ತು. ಹಣೆಗೆ ಎಣ್ಣೆ ಹಚ್ಚಿದರು, ಬೆನ್ನ ಮೇಲೆ ತಲೆಯ ಮೇಲೆ ಕೈಗಳಿಟ್ಟರು. ಅವನೇನೋ ತೊದಲಿದ. ಪವಿತ್ರಾತ್ಮ ಇಳಿದಿದೆ ಅಂತ ಯಾರೋ ಕೂಗಿದರು. ಅಲ್ಲಿ ಇಂಥ ನಡುಕವನ್ನು, ಇಂಥ ತೊದಲನ್ನು ಕಂಡವರೇ ಎಲ್ಲರೂ. ಅವರವರ ಮೈಮೇಲೂ ಬಂದು ಹೋದದ್ದು ಅದು. ಅವರಿಗೆ ಬೇರೆ ಯೋಚನೆ ಯಾಕೆ ಬಂದೀತು?

ಬೇರೆ ಯೋಚನೆ ಬಂದವಳು ಒಬ್ಬಳೇ. ಅವಳು ಜನರನ್ನು ತಳ್ಳಿಕೊಂಡು ಅವನ ಹತ್ತಿರ ಬಂದಿದ್ದಳು, ಬೆರಳುಗಳ ನಡುವೆ ಪೆಪ್ಪರ್‌ಮೆಂಟು ಇತ್ತು. ವರ್ಲಿನ್ ತಲೆ ತಿರುಗಿಸಿ ಅವಳನ್ನು ಹುಡುಕಿದ. ಕಂಡ ಕೂಡಲೇ ಅವಳ ಕಡೆಗೆ ಅಂಗೈ ಚಾಚಿದ. ಅರ್ಲೀನ್ ಆ ಕೈಯನ್ನು ಹಿಡಿದು ಮೇಲಕ್ಕೆ ಎತ್ತಿ, ಒಪ್ಪಿಸಿಕೊಡಿ ಬ್ರದರ್, ಎಲ್ಲಾ ಒಪ್ಪಿಸಿಕೊಡಿ ಅಂತ ಅಳತೊಡಗಿದಳು. ಓನೀಟಾ ಆಗ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಶುಗರ್ ಇಳಿದಿದೆ ಬಿಡ್ರೀ ಅಂದಿದ್ದರೆ ಸಾಕಿತ್ತು. ಆದರೆ ತನ್ನ ಗಂಡ ಪೀಠದ ಮುಂದೆ ಮಂಡಿಯೂರಿ ಕೈ ಎತ್ತಿದ್ದಾನೆ, ಇಡೀ ಸಭೆ ಅವನಿಗಾಗಿ ಅಳುತ್ತಿದೆ. ಯಾರಿಗೆ ಗೊತ್ತು, ದೇವರು ಶುಗರ್ ಮೂಲಕವೂ ಕೆಲಸ ಮಾಡಬಹುದಲ್ಲ. ಇನ್ನೊಂದೇ ನಿಮಿಷ, ಅವನೊಂದು ಮಾತು ಹೇಳಲಿ, ಕರ್ತನೇ ಅನ್ನಲಿ, ಆಮೇಲೆ ಕೊಟ್ಟರಾಯಿತು ಅಂತ ಅವಳು ಕೈ ಬಿಗಿ ಹಿಡಿದಳು.

ಅವನು ಏನೂ ಹೇಳದೆ ಪಕ್ಕಕ್ಕೆ ಉರುಳಿದ.

ಆತ್ಮ ತುಂಬಿ ಬಿದ್ದವರನ್ನು ಅಲ್ಲಿ ಯಾರೂ ಎಬ್ಬಿಸುವುದಿಲ್ಲ. ಮೇಲೊಂದು ಬಿಳಿ ಬಟ್ಟೆ ಹೊದಿಸಿ ಬಿಟ್ಟುಬಿಡುತ್ತಾರೆ. ಏಳುವಾಗ ಏಳುತ್ತಾರೆ, ಎದ್ದಾಗ ಹೊಸ ಮನುಷ್ಯರಾಗಿರುತ್ತಾರೆ. ವರ್ಲಿನ್‌ಗೂ ಬಟ್ಟೆ ಹೊದಿಸಿದರು. ಹಾಡು ಮುಂದುವರಿಯಿತು. ಪಾಸ್ಟರ್ ಹೋಬರ್ಟ್ ಮಾತ್ರ ಬಂದು ಅವನ ಪಕ್ಕ ಕೂತು, ಬಟ್ಟೆಯ ಕೆಳಗೆ ಕೈ ಹಾಕಿ ಎದೆ ಮುಟ್ಟಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಸಿಸ್ಟರ್ ಓನೀಟಾ, ಬೆಳಿಗ್ಗೆ ಇವರು ತಿಂಡಿ ತಿಂದಿದ್ರಾ?"

"ತಿಂದಿದಾನೆ ಪಾಸ್ಟರ್," ಅಂದಳು ಓನೀಟಾ.

ಬೇರೇನು ಹೇಳುತ್ತಿದ್ದಳು? ತಿಂದಿಲ್ಲ ಅಂದರೆ, ಎಲ್ಲರ ಕಣ್ಣ ಮುಂದೆ ನಡೆದದ್ದು ಬರೀ ಶುಗರ್ ಆಗಿಬಿಡುತ್ತಿತ್ತು. ಪಾಸ್ಟರ್ ಬೇಡ ಅಂದದ್ದನ್ನು ಮಾಡಿಸಿದವಳು ಅಂತ ಅವಳ ತಲೆಗೆ ಬರುತ್ತಿತ್ತು. ಪಕ್ಕದ ಜಾಗ ಮತ್ತೆ ಖಾಲಿಯಾಗುತ್ತಿತ್ತು. ಪಾಸ್ಟರ್ ಅವಳ ಮುಖ ನೋಡಿದರು, ತಲೆಯಾಡಿಸಿ ಎದ್ದು ಹೋದರು. ಅವರು ಆ ಕಡೆ ಹೋದದ್ದೇ ಓನೀಟಾ ಪೆಪ್ಪರ್‌ಮೆಂಟು ಬಿಡಿಸಿ ಅವನ ತುಟಿಗೆ ಒತ್ತಿದಳು. ಹಲ್ಲು ಗಟ್ಟಿಯಾಗಿ ಕಚ್ಚಿಕೊಂಡಿದ್ದವು. ಗೊರಕೆಯಂಥ ಉಸಿರು ಬರುತ್ತಿತ್ತು. ನಿದ್ದೆ ಮಾಡುತ್ತಿದ್ದಾನೆ ಅಂತ ತನಗೆ ತಾನೇ ಹೇಳಿಕೊಂಡಳು, ನಂಬಲಿಲ್ಲ, ಆದರೂ ತುಟಿ ಪಿಟಕ್ಕೆನ್ನದೆ ಕೂತಳು. ಜನ ನೆಲಮಾಳಿಗೆಗೆ ಇಳಿದರು. ಕೆಳಗಿನಿಂದ ಬೀನ್ಸಿನ ವಾಸನೆ, ತಟ್ಟೆಗಳ ಸದ್ದು ಬರುತ್ತಿತ್ತು. ಅವಳಿಗೆ ಅಂತ ತಟ್ಟೆ ಹಿಡಿದು ಮೇಲೆ ಬಂದ ಅರ್ಲೀನ್, ಬಟ್ಟೆಯ ಕೆಳಗೆ ವರ್ಲಿನ್ ಮೈ ಸೆಟೆದು ಅದುರುವುದನ್ನು ಕಂಡು ತಟ್ಟೆ ಕೈಬಿಟ್ಟಳು.

ಹಿಮ ಕಟ್ಟಿದ ದಾರಿಯಲ್ಲಿ ಆಂಬುಲೆನ್ಸ್ ಬರುವುದು ತಡವಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಅದೇ ಪ್ರಶ್ನೆ ಕೇಳಿದಾಗ ಓನೀಟಾ ನಿಜ ಹೇಳಿದಳು. ಅಷ್ಟು ಹೊತ್ತು ಸಕ್ಕರೆ ಇಲ್ಲದೆ ಇದ್ದ ಮಿದುಳು ಮತ್ತೆ ಸರಿಹೋಗುವುದಿಲ್ಲ ಅಂದರು ಅವರು. ವರ್ಲಿನ್ ಸಾಯಲಿಲ್ಲ. ಬದುಕಿದ ಅನ್ನುವುದೂ ಕಷ್ಟ. ಕೂರಿಸಿದರೆ ಕೂರುತ್ತಿದ್ದ, ತಿನ್ನಿಸಿದರೆ ನುಂಗುತ್ತಿದ್ದ, ಮಾತಿಲ್ಲ, ಯಾರ ಗುರುತೂ ಇಲ್ಲ.

ಸಭೆಯವರು ಒಳ್ಳೆಯವರು, ಆ ಮಾತು ಹೇಳಲೇಬೇಕು. ಸರದಿಯ ಮೇಲೆ ಬಂದು ಸೌದೆ ಒಡೆದುಕೊಟ್ಟರು, ಅಡುಗೆ ತಂದುಕೊಟ್ಟರು, ಬಾಗಿಲಿಗೆ ಗಾಲಿಕುರ್ಚಿ ಹತ್ತುವ ಹಾಗೆ ಹಲಗೆ ಹಾಕಿಕೊಟ್ಟರು. ಬಂದವರೆಲ್ಲ ಒಂದೇ ಮಾತು ಹೇಳಿ ಹೋಗುತ್ತಿದ್ದರು: ಕರ್ತನು ಅವರನ್ನು ಮೊದಲು ರಕ್ಷಿಸಿ ಆಮೇಲೆ ಕಾಯಿಲೆ ಬರಗೊಟ್ಟ, ಎಂಥ ಕರುಣೆ. ಅರ್ಲೀನ್ ಅವನ ಬಾಯಿ ಒರೆಸುತ್ತಾ, ದೇಹ ಹೋದರೇನಂತೆ ಓನೀಟಾ, ಆತ್ಮ ಉಳೀತಲ್ಲ, ನೀನು ಕೇಳಿದ್ದೂ ಅದನ್ನೇ ತಾನೇ ಅನ್ನುತ್ತಿದ್ದಳು. ವ್ಯಂಗ್ಯವಲ್ಲ, ಸಮಾಧಾನಕ್ಕೇ ಹೇಳುತ್ತಿದ್ದದ್ದು. ಓನೀಟಾಳಿಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತಿತ್ತು. ಪಾಸ್ಟರ್ ಪಕ್ಕದ ಕಣಿವೆಗಳ ಸಭೆಗಳಿಗೆ ಹೋದಾಗ, ಗಾಡಿಯಲ್ಲೇ ಆಯುಷ್ಯ ಕಳೆದವನು ಕೊನೆಗೆ ಪೀಠಕ್ಕೆ ಬಂದ ಕತೆಯನ್ನು ಸಾಕ್ಷಿಯಾಗಿ ಹೇಳುತ್ತಿದ್ದರಂತೆ. ಜನ ಕಣ್ಣೀರು ಹಾಕುತ್ತಿದ್ದರಂತೆ.

ಆ ವರ್ಷವಿಡೀ ಅವಳು ಚರ್ಚಿಗೆ ಹೋಗಲಿಲ್ಲ. ಅವನನ್ನು ಬಿಟ್ಟು ಬರಲಾಗದು ಅಂತ ಎಲ್ಲರೂ ತಿಳಿದರು. ಪ್ರಾರ್ಥನೆಗೆ ಕೂತರೆ ಅವಳಿಗೆ ಕಾಣುತ್ತಿದ್ದದ್ದು ಚಾಚಿದ ಅಂಗೈ ಒಂದೇ. ಅವನು ದೇವರ ಹತ್ತಿರ ಬಂದನೋ, ಬಾಗಿಲು ಹುಡುಕುತ್ತಿದ್ದನೋ? ಇದನ್ನು ಹೇಳಬಲ್ಲವನು ಒಬ್ಬನೇ, ಅವನ ಬಾಯಿ ಮುಚ್ಚಿಸಿದವಳು ತಾನೇ. ಅವನ ಆತ್ಮಕ್ಕೋಸ್ಕರ ಅಂತ ಹೊರಟವಳು ಅವನ ಆತ್ಮ ಎಲ್ಲಿ ಸೇರಿತು ಅನ್ನುವುದನ್ನೂ ತಿಳಿಯದ ಹಾಗೆ ಮಾಡಿಕೊಂಡಿದ್ದಳು.

ಮತ್ತೆ ಹೊಸ ವರ್ಷ ಬಂತು. ಮೊದಲ ಭಾನುವಾರ ಓನೀಟಾ ವರ್ಲಿನ್‌ಗೆ ಗಂಜಿ ತಿನ್ನಿಸಿ, ಕಂಬಳಿ ಸುತ್ತಿ, ಪಿಕಪ್‌ನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ತಾನೇ ಓಡಿಸಿಕೊಂಡು ಬಂದಳು. ಅವನು ನಿಲ್ಲಿಸುತ್ತಿದ್ದ ಜಾಗದಲ್ಲೇ ನಿಲ್ಲಿಸಿ, ಹೀಟರ್ ಹಚ್ಚಿ ಕೂತಳು. ಒಳಗೆ ಹೋಗಬೇಕು, ಎದ್ದು ನಿಂತು ಎಲ್ಲ ಹೇಳಿಬಿಡಬೇಕು ಅಂತಲೇ ಬಂದದ್ದು. ಆದರೆ ಸ್ಟೀರಿಂಗ್ ಬಿಟ್ಟು ಇಳಿಯಲಿಲ್ಲ. ಯಾರೋ ನೋಡಿ ಒಳಗೆ ಹೇಳಿರಬೇಕು, ಪಾಸ್ಟರ್ ಹೋಬರ್ಟ್ ಕೋಟು ಇಲ್ಲದೆಯೇ ಹೊರಗೆ ಬಂದರು. ಅವಳು ಕಿಟಕಿ ಇಳಿಸಿದಳು. ಅವರು ವರ್ಲಿನ್ ಕಡೆ ನೋಡಿ ನಕ್ಕರು, ನಿಮ್ಮಿಬ್ಬರನ್ನು ನೋಡಿ ಸಭೆಗೆ ಬಲ ಬರುತ್ತೆ ಅಂದರು, ಆಮೇಲೆ ಪದ್ಧತಿಯ ಹಾಗೆ ಕೇಳಿದರು:

"ಸಿಸ್ಟರ್, ಈ ವರ್ಷ ನಿಮಗೆ ಮೊದಲನೇದು ಯಾವುದು?"

"ಇವನ ಊಟ," ಅಂದಳು ಓನೀಟಾ. "ಆವತ್ತು ಇವನು ಏನೂ ತಿಂದಿರಲಿಲ್ಲ ಪಾಸ್ಟರ್. ನಿಮ್ಮ ಹತ್ರ ಸುಳ್ಳು ಹೇಳಿದೆ. ಸೂಜಿ ತುಂಬಿಕೊಟ್ಟವಳು ನಾನು. ಕೈಯಲ್ಲಿ ಪೆಪ್ಪರ್‌ಮೆಂಟು ಇತ್ತು, ಇವನು ಕೇಳಿದ, ನಾನು ಕೊಡಲಿಲ್ಲ."

ಕಿಟಕಿಯ ಅಂಚಿನ ಮೇಲಿದ್ದ ಪಾಸ್ಟರ್ ಬೆರಳುಗಳು ಚಳಿಗೆ ಕೆಂಪಾಗಿದ್ದವು.

"ಅಂಗಿ ಒದ್ದೆಯಾಗಿತ್ತು," ಅಂದರು ಕೊನೆಗೆ. "ನಮ್ಮಪ್ಪನ ಅಂಗಿ ಹಾಗೇ ಒದ್ದೆಯಾಗ್ತಿತ್ತು. ಕೈಯಿಟ್ಟ ತಕ್ಷಣ ನಂಗೆ ಗೊತ್ತಾಯ್ತು ಸಿಸ್ಟರ್. ನೀವು ತಿಂದಿದಾನೆ ಅಂತೀರಿ ಅಂತ ಗೊತ್ತಿದ್ದೇ ನಿಮ್ಮನ್ನ ಕೇಳಿದೆ."

ಓನೀಟಾಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ದಿನ ಒಬ್ಬಳೇ ಹೊತ್ತ ಹೊರೆ ಈಗ ಹಗುರಾಗಬೇಕಿತ್ತು, ಅದೂ ಆಗಲಿಲ್ಲ.

"ಒಳಗೆ ಹೋಗಿ ಹೇಳ್ತೀರಾ?" ಅಂತ ಕೇಳಿದಳು.

ಅವರು ಕಿಟಕಿಯಿಂದ ಕೈ ತೆಗೆದು ಚರ್ಚಿನ ಕಡೆ ಹೊರಟರು. ಮೆಟ್ಟಿಲ ಹತ್ತಿರ ಒಂದು ಕ್ಷಣ ನಿಂತು, ಕಣ್ಣು ಒರೆಸಿಕೊಂಡು ಒಳಗೆ ಹೋದರು. ಓನೀಟಾ ಕಿಟಕಿ ಏರಿಸದೆ, ಹೀಟರ್ ಸದ್ದು ಅಡ್ಡ ಬರುತ್ತದೆ ಅಂತ ಅದನ್ನೂ ಆರಿಸಿ, ಕಿವಿಗೊಟ್ಟು ಕೂತಳು. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಪಿಯಾನೋ ಶುರುವಾಯಿತು, ಚಪ್ಪಾಳೆ ಶುರುವಾಯಿತು, ಪ್ರತಿ ವರ್ಷದ ಹಾಗೆ ಎಲ್ಲರೂ ಹಾಡಿದರು. ಹಾಡಿನ ನಡುವೆ ಪಾಸ್ಟರ್ ದನಿಯೂ ಇತ್ತು.

ಗಾಡಿಯೊಳಗೆ ಚಳಿ ಏರಿತು. ವರ್ಲಿನ್ ಮೂಗು ಸೋರುತ್ತಿತ್ತು, ಅವಳು ಒರೆಸಿದಳು. ಕೈಚೀಲದಲ್ಲಿ ಪೆಪ್ಪರ್‌ಮೆಂಟು ಈಗಲೂ ಇದ್ದವು, ಆದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಕೊಡಲೇಬೇಡಿ ಅಂದಿದ್ದಳು ನರ್ಸು. ಹಾಗಾಗಿ ಅವಳು ಒಂದನ್ನು ಫ್ಲಾಸ್ಕಿನ ಬಿಸಿನೀರಿನಲ್ಲಿ ಕರಗಿಸಿ, ಊದಿ ಆರಿಸಿ, ಚಮಚದಲ್ಲಿ ಅವನ ತುಟಿಯ ಹತ್ತಿರ ಹಿಡಿದಳು. ಅವನು ಬಾಯಿ ತೆರೆದ. ಯಾರು ಹಿಡಿದರೂ ತೆರೆಯುತ್ತಿದ್ದ.